ಇಟಲಿಯ ವಿಕಾರಮುಖಗಳೂ ನಮ್ಮ ಕಿಳ್ಳೇಕ್ಯಾತನೂ

ಶಿರಾ ಸೀಮೆಯ ಗೌಡಗೆರೆಯ ಕಡೆ, ಕಡಲೆಕಾಯಿಯ ಪೈರು ಏಳುವ ದಿನಗಳಲ್ಲಿ, ಹೊಲದ ನಡುವೆ ಒಂದು ಗಳುವನ್ನು ನೆಟ್ಟು ಅದರ ತುದಿಗೆ ಒಡಕು ಮಡಕೆಯೊಂದನ್ನು ಕವುಚಿ ಹಾಕಿರುವುದನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಮಡಕೆಗೆ ಮಸಿ ಬಳಿದು, ಅದರ ಮೇಲೆ ಸುಣ್ಣದಿಂದ ಎರಡು ದೊಡ್ಡ ಕಣ್ಣುಗಳನ್ನೂ ಒಂದು ಸಾಲು ಹಲ್ಲುಗಳನ್ನೂ ಬರೆದಿರುತ್ತಾರೆ. ಇದೇ ಬೆದರುಬೊಂಬೆ, ಹಳ್ಳಿಯ ಮಾತಿನಲ್ಲಿ ಬೆರ್ಚಪ್ಪ. ಊರೊಳಕ್ಕೆ ಬಂದರೆ ಹೊಸದಾಗಿ ಕಟ್ಟುತ್ತಿರುವ ಮನೆಯ ಮುಂದೆ ಇನ್ನೊಂದು ಮುಖ ತೂಗುತ್ತಿರುವುದು: ಕೋರೆಹಲ್ಲು, ಹೊರಚಾಚಿದ ನಾಲಗೆ, ತಿರುವಿದ ಮೀಸೆಗಳ ದೃಷ್ಟಿಬೊಂಬೆ. ಹಳೆಯ ಗುಡಿಯ ಬಾಗಿಲಿಗೆ ಹೋದರೆ ತೋರಣದ ನೆತ್ತಿಯ ಮೇಲೆ ಕಣ್ಣು ಕೆರಳಿಸಿಕೊಂಡ ಕೀರ್ತಿಮುಖ. ಹೀಗೆ ಹೊಲಕ್ಕೂ ಮನೆಗೂ ದೇವರಿಗೂ ಕಾವಲಾಗಿ ಮನುಷ್ಯನು ಚೆಲುವಾದ ಮುಖವನ್ನು ಬಿಟ್ಟು ವಿಕಾರವಾದ ಮುಖವನ್ನೇ ಆರಿಸಿಕೊಂಡಿರುವನು. ಇದು ಏತಕ್ಕೆ? ಚೆಲುವಿನ ಚರಿತ್ರೆಯನ್ನು ಬರೆದವರು ಬಹಳ ಮಂದಿ ಇದ್ದಾರೆ. ಈ ದಿನ ನಾವು ವಿಕಾರದ ಚರಿತ್ರೆಯನ್ನು ಸ್ವಲ್ಪ ವಿಚಾರಮಾಡೋಣ.

ಈ ವಿಷಯವನ್ನು ಎತ್ತಿದೊಡನೆ ಐರೋಪ್ಯ ಚಿತ್ರಕಲೆಯನ್ನು ಓದಿದವರಿಗೆ ಮೊದಲು ನೆನಪಾಗುವ ಹೆಸರು ಲಿಯೊನಾರ್ಡೊ ಡ ವಿಂಚಿಯದು. ೧೪೫೨ರಲ್ಲಿ ಹುಟ್ಟಿ ೧೫೧೯ರಲ್ಲಿ ತೀರಿಕೊಂಡ ಈ ಮಹಾಪುರುಷನು ಮೋನಾ ಲೀಸಳ ನಗೆಯನ್ನು ಬರೆದವನೆಂದು ಲೋಕಕ್ಕೆಲ್ಲ ಗೊತ್ತು. ಆದರೆ ಅವನ ಲೇಖನಿಯಿಂದಲೇ ಮೂಗು ಗಲ್ಲವನ್ನು ಮುಟ್ಟುವ ಮುದುಕರು, ಕೆಳದುಟಿ ಮುಂದಕ್ಕೆ ಚಾಚಿದ ಬೊಚ್ಚುಬಾಯಿಯ ಮುದುಕಿಯರು, ಕತ್ತು ಉಬ್ಬಿದವರು, ಹಣೆ ತಗ್ಗಿದವರು ಎಷ್ಟೋ ಜನ ಮೂಡಿಬಂದಿದ್ದಾರೆ. ಇವುಗಳಲ್ಲಿ ಹಲವು ಅಂಗೈಯಗಲಕ್ಕಿಂತ ಚಿಕ್ಕವು. ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿ ಅವನ ರೇಖಾಚಿತ್ರಗಳು ಐನೂರಕ್ಕೂ ಹೆಚ್ಚಾಗಿರುವುವು. ಈ ವಿಕಾರಮುಖಗಳಲ್ಲಿ ಮುಖ್ಯವಾದುವು ಅಲ್ಲಿಯೇ ಇವೆ.

ಲಿಯೊನಾರ್ಡೊ ಇವನ್ನು ಹೇಗೆ ಬರೆದನೆಂಬುದಕ್ಕೆ ಎರಡು ಕಥೆಗಳು ಉಳಿದುಬಂದಿವೆ. ಚಿತ್ರಕಾರರ ಚರಿತ್ರೆಯನ್ನು ೧೫೫೦ರಲ್ಲಿ ಪ್ರಕಟಿಸಿದ ವಸಾರಿಯು ಹೇಳುವ ಪ್ರಕಾರ, ಬೀದಿಯಲ್ಲಿ ವಿಚಿತ್ರವಾದ ತಲೆಯೋ ಗಡ್ಡವೋ ಉಳ್ಳ ಮನುಷ್ಯನೊಬ್ಬನು ಕಣ್ಣಿಗೆ ಬಿದ್ದರೆ ಲಿಯೊನಾರ್ಡೊ ದಿನವೆಲ್ಲ ಅವನ ಬೆನ್ನು ಹತ್ತಿ ತಿರುಗುತ್ತಿದ್ದನಂತೆ. ಮನೆಗೆ ಬಂದ ಮೇಲೆ ಆ ಮನುಷ್ಯನು ಎದುರಿಗೆ ಕುಳಿತಿರುವನೋ ಎಂಬಂತೆ ನೆನಪಿನಿಂದಲೇ ಬರೆಯುತ್ತಿದ್ದನಂತೆ. ಎರಡನೆಯ ಕಥೆಯನ್ನು ೧೫೮೪ರಲ್ಲಿ ಬರೆದಿಟ್ಟವನು ಲೊಮಾಜೊ. ಇವನು ತಾನೂ ಚಿತ್ರಕಾರನಾಗಿದ್ದು, ನಡುಹರೆಯದಲ್ಲಿಯೇ ಕಣ್ಣು ಕಳೆದುಕೊಂಡು, ಕುಂಚವನ್ನು ಬಿಟ್ಟು ಗ್ರಂಥರಚನೆಗೆ ತೊಡಗಿದವನು. ಲಿಯೊನಾರ್ಡೊ ಕೆಲವರು ಹಳ್ಳಿಗರನ್ನು ಊಟಕ್ಕೆ ಕರೆದು, ಹುಚ್ಚುಹುಚ್ಚಾದ ನಗೆಯ ಕಥೆಗಳನ್ನು ಹೇಳಿ, ಅವರು ದವಡೆ ನೋಯುವಂತೆ ನಗುತ್ತಿರುವಾಗ ಅವರ ಮುಖಗಳನ್ನು ಚೆನ್ನಾಗಿ ನೋಡಿಕೊಂಡು, ಆಮೇಲೆ ಅವರ ಚಿತ್ರವನ್ನು ಬರೆದನೆಂದೂ, ಆ ಚಿತ್ರವನ್ನು ಕಂಡವರೆಲ್ಲ ಆ ಹಳ್ಳಿಗರಷ್ಟೇ ನಕ್ಕರೆಂದೂ ಲೊಮಾಜೊ ಹೇಳುತ್ತಾನೆ. ಈ ಊಟದ ಕಥೆಯನ್ನು ಕೇಳುಗರು ದಯಮಾಡಿ ನೆನಪಿನಲ್ಲಿಟ್ಟುಕೊಳ್ಳಬೇಕು. ಅಲ್ಲಿ ಎರಡು ನಗೆಗಳಿವೆ. ಹಳ್ಳಿಗರು ಕಥೆಗಾಗಿ ನಕ್ಕರು; ಚಿತ್ರವನ್ನು ನೋಡಿದವರು ಹಳ್ಳಿಗರಿಗಾಗಿ ನಕ್ಕರು. ಎರಡೂ ಒಂದೇ ನಗೆಯಲ್ಲ.

ಆದರೆ ಲಿಯೊನಾರ್ಡೊವಿನ ಉದ್ದೇಶವು ನಗೆಯೊಂದೇ ಆಗಿರಲಿಲ್ಲ. ಅವನಿಗೆ ಮುಖವು ಒಂದು ಶಾಸ್ತ್ರವಾಗಿದ್ದಿತು. ಪಕ್ಕದಿಂದ ನೋಡಿದರೆ ಮೂಗುಗಳಲ್ಲಿ ಹತ್ತು ಬಗೆಗಳಿವೆಯೆಂದು ಅವನು ತನ್ನ ಟಿಪ್ಪಣಿಗಳಲ್ಲಿ ಎಣಿಸಿಟ್ಟಿದ್ದಾನೆ: ನೇರವಾದದ್ದು, ಗೆಡ್ಡೆಯಂಥದು, ನಡುವೆ ಕುಳಿಬಿದ್ದದ್ದು, ಗಿಡುಗನ ಕೊಕ್ಕಿನಂಥದು, ಚಪ್ಪಟೆಯದು, ಚೂಪಾದದ್ದು, ಹೀಗೆ. ಇವನ್ನು ಬಾಯಿಪಾಠ ಮಾಡಿಕೊಂಡಿದ್ದರೆ ಒಮ್ಮೆ ಕಂಡ ಮುಖವನ್ನು ಮನೆಯಲ್ಲಿ ಕುಳಿತು ಬರೆಯಬಹುದೆಂಬುದು ಅವನ ಉಪದೇಶ. ಚೆಲುವನ್ನು ವಿಕಾರದ ಪಕ್ಕದಲ್ಲಿಯೂ, ಮುಪ್ಪನ್ನು ತಾರುಣ್ಯದ ಪಕ್ಕದಲ್ಲಿಯೂ ಇಟ್ಟರೆ ಎರಡರ ಗುಣವೂ ಹೆಚ್ಚಾಗಿ ತೋರುವುದೆಂದೂ ಅವನು ಹೇಳಿದ್ದಾನೆ. ಅವನ ಹಿಂದೆಯೇ ಬಂದ ಜರ್ಮನಿಯ ಡ್ಯೂರರನು ೧೫೨೮ರಲ್ಲಿ, ತಾನು ತೀರಿಕೊಂಡ ವರುಷದಲ್ಲಿ, ಅಚ್ಚಾದ ಅಂಗಪ್ರಮಾಣದ ಗ್ರಂಥದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಮುಖದ ಮೇಲೆ ಅಡ್ಡಗೆರೆ ಉದ್ದಗೆರೆಗಳನ್ನು ಎಳೆದು, ಆ ಗೆರೆಗಳನ್ನು ತುಸು ಸರಿಸಿದರೆ ಸುಂದರಮುಖವೇ ವಿಕಾರಮುಖವಾಗುವುದೆಂದು ತೋರಿಸಿಕೊಟ್ಟನು. ಎಂದರೆ ಚೆಲುವಿಗೂ ವಿಕಾರಕ್ಕೂ ನಡುವೆ ಇರುವುದು ಕೆಲವು ಗೆರೆಗಳ ಅಂತರ ಮಾತ್ರ.

ಈ ಬಗೆಯ ಚಿತ್ರಗಳಿಗೆ ಐರೋಪ್ಯರು ಬಳಸುವ 'ಗ್ರೊಟೆಸ್ಕ್' ಎಂಬ ಮಾತಿನ ಹುಟ್ಟೂ ಸ್ವಾರಸ್ಯವಾದದ್ದು. ಸುಮಾರು ೧೪೮೦ರ ವೇಳೆಗೆ ರೋಮ್ ನಗರದಲ್ಲಿ ನೀರೋ ಚಕ್ರವರ್ತಿಯ ಅರಮನೆಯ ಕೋಣೆಗಳು ನೆಲದೊಳಗೆ ಹುದುಗಿಹೋಗಿದ್ದುವು ಬೆಳಕಿಗೆ ಬಂದುವು. ಗೋಡೆಗಳ ಮೇಲೆ ಬಳ್ಳಿಯೊಳಗಿಂದ ಮುಖವೂ, ಮುಖದೊಳಗಿಂದ ಮೃಗವೂ ಹೊರಡುವ ಅಲಂಕಾರಗಳಿದ್ದುವು. ಆ ಕೋಣೆಗಳು ಗವಿಗಳಂತಿದ್ದುದರಿಂದ, ಗವಿಗೆ ಇಟಲಿಯ ಭಾಷೆಯಲ್ಲಿರುವ 'ಗ್ರೊಟ್ಟ' ಎಂಬ ಮಾತಿನಿಂದ ಈ ಹೆಸರು ಬಂದಿತು. ಗವಿಯ ಗೋಡೆಯ ವಿಚಿತ್ರಕ್ಕೆ ಹುಟ್ಟಿದ ಹೆಸರು ಕ್ರಮೇಣ ಮನುಷ್ಯನ ಮುಖದ ವಿಕಾರಕ್ಕೂ ಸಂದಿತು.

ಗವಿಯ ಮಾತು ಬಂದಮೇಲೆ ನಮ್ಮ ಬಾದಾಮಿಯನ್ನು ನೆನೆಯದೆ ಇರುವುದು ಸಾಧ್ಯವಿಲ್ಲ. ನೀರೋವಿನ ಕೋಣೆಗಳು ಬೆಳಕು ಕಾಣುವುದಕ್ಕೆ ಒಂಬೈನೂರು ವರುಷಗಳ ಹಿಂದೆಯೇ, ಆರನೆಯ ಶತಮಾನದಲ್ಲಿ, ಚಾಲುಕ್ಯರ ಶಿಲ್ಪಿಗಳು ಅಲ್ಲಿಯ ಕೆಂಪು ಬಂಡೆಯಲ್ಲಿ ಗುಹಾಲಯಗಳನ್ನು ಕೊರೆದರು. ಮಂಗಲೇಶನ ಶಾಸನವುಳ್ಳ ಮೂರನೆಯ ಗುಹೆಯ ಕಾಲವು ಕ್ರಿಸ್ತಶಕ ೫೭೮. ಈ ಗುಹೆಗಳ ಜಗತಿಯ ಪಟ್ಟಿಕೆಯಲ್ಲಿ ಸಾಲಾಗಿ ಕುಳ್ಳರಾದ ಗಣಗಳಿದ್ದಾರೆ. ಒಬ್ಬನದು ಬಾನೆಹೊಟ್ಟೆ, ಒಬ್ಬನದು ಮೃಗದ ಮುಖ. ಒಬ್ಬನು ಕುಣಿಯುತ್ತಾನೆ, ಒಬ್ಬನು ವಾದ್ಯ ಬಾರಿಸುತ್ತಾನೆ, ಒಬ್ಬನು ಅಣಕಿಸುತ್ತಾನೆ. ಮೇಲೆ ದೇವತೆಗಳು ಶಾಸ್ತ್ರದ ಪ್ರಮಾಣಕ್ಕೆ ಸರಿಯಾಗಿ ಗಂಭೀರವಾಗಿ ನಿಂತಿರುವಾಗ, ಕೆಳಗೆ ಶಿಲ್ಪಿಯ ಉಳಿಯು ಹಬ್ಬ ಮಾಡಿದೆ. ನಮ್ಮ ಶಿಲ್ಪಶಾಸ್ತ್ರದಲ್ಲಿ ಮುಖದ ಉದ್ದವನ್ನು ಒಂದು ತಾಲವೆಂದು ಹಿಡಿದು, ದೇವತೆಗಳಿಗೆ ಒಂಬತ್ತೋ ಹತ್ತೋ ತಾಲಗಳನ್ನೂ, ಕುಬ್ಜರಿಗೆ ಅದಕ್ಕಿಂತ ಬಹಳ ಕಡಮೆಯನ್ನೂ ವಿಧಿಸಿದ್ದಾರೆ. ಗೆರೆಗಳನ್ನು ಸರಿಸಿ ವಿಕಾರವನ್ನು ಸಾಧಿಸುವ ವಿದ್ಯೆಯು ಡ್ಯೂರರನಿಗೆ ಮುಂಚೆಯೇ ಇಲ್ಲಿಯೂ ಇದ್ದಿತು.

ಕೀರ್ತಿಮುಖದ ಪುರಾಣಕಥೆಯನ್ನು ಬಲ್ಲವರು ಬಲ್ಲರು. ಜಲಂಧರನೆಂಬ ಅಸುರನು ಪಾರ್ವತಿಯನ್ನು ತನಗೆ ಒಪ್ಪಿಸಬೇಕೆಂದು ಶಿವನ ಬಳಿಗೆ ರಾಹುವನ್ನು ದೂತನಾಗಿ ಕಳುಹಿಸಿದನು. ಶಿವನ ಕೋಪದಿಂದ ಸಿಂಹಮುಖದ ಒಂದು ಹಸಿದ ಭೂತವು ಹುಟ್ಟಿ ರಾಹುವನ್ನು ನುಂಗಲು ಹೊರಟಿತು. ರಾಹುವು ಶರಣುಬಂದನು, ಶಿವನು ಅವನನ್ನು ಬಿಡಿಸಿದನು. ಆಹಾರವಿಲ್ಲದಾದ ಆ ಭೂತವು ಶಿವನ ಅಪ್ಪಣೆಯಂತೆ ತನ್ನ ಕೈಕಾಲುಗಳನ್ನೂ ಒಡಲನ್ನೂ ತಾನೇ ತಿಂದುಕೊಂಡು ಬರಿಯ ಮುಖವಾಗಿ ಉಳಿಯಿತು. ಶಿವನು ಮೆಚ್ಚಿ ಅದಕ್ಕೆ ಕೀರ್ತಿಮುಖವೆಂದು ಹೆಸರಿಟ್ಟು ತನ್ನ ಬಾಗಿಲಿನಲ್ಲಿ ಇರಿಸಿದನು. ಹಾಸನದ ಬಳಿಯ ದೊಡ್ಡಗದ್ದವಳ್ಳಿಯಲ್ಲಿ, ವಿಷ್ಣುವರ್ಧನನ ಕಾಲದಲ್ಲಿ ವರ್ತಕನೊಬ್ಬನೂ ಅವನ ಮಡದಿಯೂ ಕಟ್ಟಿಸಿದ ಲಕ್ಷ್ಮೀದೇವಿಯ ಗುಡಿಗೆ ಹೋದರೆ, ಕಾಳಿಯ ಗರ್ಭಗುಡಿಯ ಇಕ್ಕೆಲಗಳಲ್ಲಿ ಇಬ್ಬರು ಬೇತಾಳರು ನಿಂತಿರುವುದನ್ನು ಕಾಣಬಹುದು. ಹೊಯ್ಸಳರ ಮದನಿಕೆಯರನ್ನು ಹೊಗಳುವ ನಾವು ಈ ಬೇತಾಳರ ಮುಂದೆ ನಿಲ್ಲದೆ ಮುಂದಕ್ಕೆ ಹೋಗಿಬಿಡುತ್ತೇವೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬಾದಾಮಿಯ ಗಣನೂ, ಬಾಗಿಲ ಮೇಲಿನ ಕೀರ್ತಿಮುಖವೂ, ಗದ್ದವಳ್ಳಿಯ ಬೇತಾಳನೂ ಯಾವ ಮನುಷ್ಯನ ಮುಖವೂ ಅಲ್ಲ. ಅವರು ಇನ್ನೊಂದು ಲೋಕದವರು. ಅವರ ವಿಕಾರದಿಂದ ಯಾರಿಗೂ ಅವಮಾನವಾಗುವುದಿಲ್ಲ. ಇಟಲಿಯಲ್ಲಿ ಆದುದು ಬೇರೆ. ಅಲ್ಲಿ ವಿಕಾರವು ಬಾಗಿಲ ನೆತ್ತಿಯಿಂದ ಬೀದಿಗೆ ಇಳಿದುಬಂದಿತು. ಭೂತವನ್ನು ಬಿಟ್ಟು ನೆರೆಯ ಮನುಷ್ಯನ ಮುಖವನ್ನು ಹಿಡಿಯಿತು. ಆಂಟ್‌ವರ್ಪಿನ ಕ್ವೆಂಟಿನ್ ಮಾಸಿಸನು ಸುಮಾರು ೧೫೧೩ರಲ್ಲಿ ಬರೆದ ಮುದುಕಿಯೊಬ್ಬಳ ಚಿತ್ರವು ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ. ಅವಳನ್ನು 'ಕುರೂಪಿ ಡಚೆಸ್' ಎಂದು ಕರೆಯುವರು. ಸುಕ್ಕುಬಿದ್ದ ಎದೆ, ಮೇಲಕ್ಕೆ ಎದ್ದ ಮೂಗು, ಕಾಲಕ್ಕೆ ಹೊಂದದ ಹಳೆಯ ಕೊಂಬಿನ ಶಿರೋವೇಷ್ಟನ, ಕೈಯಲ್ಲಿ ಪ್ರಣಯದ ಕುರುಹಾದ ಒಂದು ಮೊಗ್ಗು. ಎಲುಬು ವಿಕೃತವಾಗಿ ಬೆಳೆಯುವ ರೋಗವೊಂದರ ಲಕ್ಷಣಗಳು ಇವೆಂದು ಕೆಲವರು ವೈದ್ಯರು ಹೇಳಿದ್ದಾರೆ. ೨೦೨೩ರಲ್ಲಿ ಆ ಚಿತ್ರಶಾಲೆಯು ಇವಳಿಗಾಗಿಯೇ ಒಂದು ಪ್ರದರ್ಶನವನ್ನು ಏರ್ಪಡಿಸಿ, ಲಿಯೊನಾರ್ಡೊವಿನ ಶಿಷ್ಯನಾದ ಮೆಲ್ಜಿಯದೆಂದು ಎಣಿಸಿರುವ ಇದೇ ಮುಖದ ರೇಖಾಚಿತ್ರವನ್ನು ಪಕ್ಕದಲ್ಲಿಟ್ಟು ತೋರಿಸಿತು. ಇವಳು ನಿಜವಾದ ವ್ಯಕ್ತಿಯಲ್ಲ, ಮುಪ್ಪಿನಲ್ಲಿ ಶೃಂಗಾರವನ್ನು ಬಯಸುವವರ ಪರಿಹಾಸವೆಂಬ ಅಭಿಪ್ರಾಯವನ್ನೂ ಮುಂದಿಟ್ಟಿತು. ರೋಗಿಯೋ ಪರಿಹಾಸವೋ, ಐದು ನೂರು ವರುಷಗಳಿಂದ ಜನರು ಅವಳ ಮುಂದೆ ನಿಂತು ನಕ್ಕಿರುವುದಂತೂ ನಿಜ.

ಹಾಗಾದರೆ ನಮ್ಮಲ್ಲಿ ವಿಕಾರಮುಖವು ಮನುಷ್ಯನ ಮುಖವಾಗಿ ಎಂದೂ ಇಳಿದುಬರಲಿಲ್ಲವೆ? ಬಂದಿತು, ಅದು ಕಲ್ಲಿನಲ್ಲಿ ಬರದೆ ತೊಗಲಿನಲ್ಲಿ ಬಂದಿತು. ಮಧುಗಿರಿ ಪಾವಗಡಗಳ ಗಡಿಯನ್ನು ದಾಟಿ ಹಿಂದೂಪುರದ ಕಡೆಗೆ ಹೋದರೆ ಲೇಪಾಕ್ಷಿಯು ದೂರವಲ್ಲ. ಇಂದು ಅದು ಆಂಧ್ರಪ್ರದೇಶಕ್ಕೆ ಸೇರಿದ್ದರೂ ಅಲ್ಲಿಯ ವೀರಭದ್ರನ ಗುಡಿಯ ಶಾಸನಗಳಲ್ಲಿ ಕನ್ನಡವೇ ಮುಖ್ಯ. ವಿಜಯನಗರದ ಅಚ್ಯುತರಾಯನ ಆಳಿಕೆಯಲ್ಲಿ, ೧೫೩೦ರ ದಶಕದಲ್ಲಿ, ವಿರೂಪಣ್ಣ ವೀರಣ್ಣರೆಂಬ ಸೋದರರು ಈ ಗುಡಿಯನ್ನು ಬೆಳೆಯಿಸಿದರು. ಲಿಯೊನಾರ್ಡೊ ತೀರಿಕೊಂಡು ಆಗ್ಗೆ ಹತ್ತು ಹನ್ನೆರಡು ವರುಷಗಳು ಮಾತ್ರ ಕಳೆದಿದ್ದುವು. ಅಲ್ಲಿಯ ನಾಟ್ಯಮಂಟಪದ ಕಂಬವೊಂದರಲ್ಲಿ ಮೂರು ಕಾಲಿನ ಭೃಂಗಿಯು ಕುಣಿಯುತ್ತಾನೆ. ಪಾರ್ವತಿಯನ್ನು ಬಿಟ್ಟು ಶಿವನೊಬ್ಬನಿಗೇ ಪ್ರದಕ್ಷಿಣೆ ಮಾಡಿದುದಕ್ಕಾಗಿ ದೇವಿಯ ಶಾಪದಿಂದ ಮಾಂಸರಕ್ತಗಳನ್ನು ಕಳೆದುಕೊಂಡು ನಿಲ್ಲಲಾರದೆ ಹೋದವನಿಗೆ ಶಿವನು ಮೂರನೆಯ ಕಾಲನ್ನು ಕೊಟ್ಟನಷ್ಟೆ. ರಂಭೆಯ ಚೆಲುವೂ ಭೃಂಗಿಯ ವಿಕಾರವೂ ಅಲ್ಲಿ ಒಂದೇ ತಾಳಕ್ಕೆ ಕುಣಿಯುತ್ತವೆ. ಚೆಲುವನ್ನು ವಿಕಾರದ ಪಕ್ಕದಲ್ಲಿಡಬೇಕೆಂಬ ಲಿಯೊನಾರ್ಡೊವಿನ ಸೂತ್ರವನ್ನು ಕೇಳಿಯೇ ಇರದ ನಮ್ಮ ಶಿಲ್ಪಿಯು ಅದನ್ನು ಆಚರಣೆಯಲ್ಲಿ ಬಲ್ಲವನಾಗಿದ್ದನು.

ತಲೆಯೆತ್ತಿ ನೋಡಿದರೆ ಮೇಲ್ಛಾವಣಿಯ ಮೇಲೆ ವರ್ಣಚಿತ್ರಗಳು. ಕಿರಾತಾರ್ಜುನರ ಕಥೆಯೂ ಹಂದಿಯ ಬೇಟೆಯೂ ಅಲ್ಲಿವೆ. ಹೆಚ್ಚಿನ ಮುಖಗಳು ಪಕ್ಕದಿಂದ ಕಾಣುವಂಥವು: ಚೂಪಾದ ಮೂಗು, ದೊಡ್ಡ ಕಣ್ಣು, ಒಂದರ ಹಿಂದೆ ಒಂದು ಸಾಲಾಗಿ ನಡೆಯುವ ಆಕೃತಿಗಳು. ಈ ಚಿತ್ರಗಳನ್ನೂ ನಮ್ಮ ತೊಗಲುಬೊಂಬೆಗಳನ್ನೂ ಪಕ್ಕಪಕ್ಕದಲ್ಲಿ ನೋಡಿದ ವಿದ್ವಾಂಸರು ಎರಡಕ್ಕೂ ಇರುವ ಹೋಲಿಕೆಯನ್ನು ಎತ್ತಿ ಹೇಳಿದ್ದಾರೆ. ಪರದೆಯ ಮೇಲೆ ಬೀಳುವ ಬೊಂಬೆಗೆ ಪಕ್ಕದ ಮುಖವೇ ಹೆಚ್ಚು ಒಪ್ಪುವುದು; ಮೂಗು, ತುಟಿ, ಗಲ್ಲಗಳ ಗೆರೆಯಲ್ಲಿಯೇ ಗುಣವೆಲ್ಲ ವ್ಯಕ್ತವಾಗಬೇಕು. ಲಿಯೊನಾರ್ಡೊ ಪಕ್ಕದ ಮೂಗುಗಳನ್ನು ಎಣಿಸಿದುದು ಇದೇ ಕಾರಣದಿಂದಲೇ ಎಂದು ನಮಗೆ ತೋರುತ್ತದೆ. ಮನುಷ್ಯನ ಸ್ವಭಾವವು ಗೆರೆಗೆ ಬೇಗನೆ ಸಿಕ್ಕುವುದು ಪಕ್ಕದಿಂದ.

ತೊಗಲುಬೊಂಬೆಯಾಟವನ್ನು ಆಡಿಸುವವರನ್ನು ಕಿಳ್ಳೇಕ್ಯಾತರೆಂದೂ ಶಿಳ್ಳೇಕ್ಯಾತರೆಂದೂ ಕರೆಯುವರು. ಊರಿಂದೂರಿಗೆ ಹೋಗುತ್ತಿದ್ದ ಜನ. ಮನೆಮಾತು ಮರಾಠಿಯ ಒಂದು ರೂಪ, ಆಟದ ಮಾತು ಕನ್ನಡ. ಕೆರೆ ಹೊಳೆಗಳಲ್ಲಿ ಮೀನು ಹಿಡಿಯುವುದೂ ಇವರಲ್ಲಿ ಅನೇಕರ ಕಸುಬು. ಮೇಕೆಯ ತೊಗಲನ್ನು ಹದಮಾಡಿ, ಕೂದಲನ್ನು ಹೆರೆದು, ಬೆಳಕು ತೂರಿಬರುವಷ್ಟು ತೆಳುವಾಗಿಸಿ, ಅದರ ಮೇಲೆ ಆಕೃತಿಯನ್ನು ಬರೆದು, ಒಡವೆಗಳ ಜಾಗದಲ್ಲಿ ಸಣ್ಣಸಣ್ಣ ರಂಧ್ರಗಳನ್ನು ಕೊರೆದು, ಎರಡು ಕಡೆಯೂ ಬಣ್ಣ ಹಾಕುವರು. ಬಿಳಿಯ ಪರದೆಯ ಹಿಂದೆ ಹಿಂದಿನ ಕಾಲದಲ್ಲಿ ಹರಳೆಣ್ಣೆಯ ದೀಪವನ್ನು ಉರಿಸುತ್ತಿದ್ದರು. ಬೊಂಬೆಯ ಗಾತ್ರವು ಪಾತ್ರದ ಅಂತಸ್ತಿಗೆ ತಕ್ಕಂತೆ ಇರುವುದು: ದೇವರಿಗೂ ಅರಸರಿಗೂ ದೊಡ್ಡ ಬೊಂಬೆ, ಆಳುಗಳಿಗೂ ಸಾಮಾನ್ಯರಿಗೂ ಚಿಕ್ಕ ಬೊಂಬೆ. ಬಾದಾಮಿಯ ಶಿಲ್ಪಿಯ ತಾಲವು ಇಲ್ಲಿ ತೊಗಲಿಗೂ ಬಂದಿರುವುದು.

ಗಣಪತಿಯ ಸ್ತುತಿಯಾಗಿ ರಾಮಾಯಣವೋ ಭಾರತವೋ ನಡೆಯುತ್ತಿರುವಾಗ ನಡುನಡುವೆ ಪರದೆಯ ಮೇಲೆ ಒಬ್ಬನು ಧುಮುಕುವನು. ಮೈಯೆಲ್ಲ ಕರಿಯ ಬಣ್ಣ, ಕೆದರಿ ನಿಂತ ಕೂದಲು, ದಪ್ಪ ತುಟಿ, ಜೋಲುವ ಹೊಟ್ಟೆ, ಕೈಕಾಲುಗಳೆಲ್ಲ ಸಡಿಲು. ಇವನೇ ಕಿಳ್ಳೇಕ್ಯಾತ. ಹಿಂದೆಯೇ ಇವನ ಹೆಂಡತಿ ಬಂಗಾರಕ್ಕ. ಇಬ್ಬರೂ ಬೈದಾಡುವರು, ಹೊಡೆದಾಡುವರು, ಸಭ್ಯರು ಕಿವಿ ಮುಚ್ಚಿಕೊಳ್ಳುವಂಥ ಮಾತನ್ನೂ ಆಡುವರು. ರಾಮನು ಗ್ರಂಥದ ಮಾತನ್ನಾಡಿದರೆ ಕಿಳ್ಳೇಕ್ಯಾತನು ಹಳ್ಳಿಯ ಮಾತನ್ನಾಡುವನು. ಆ ಊರಿನ ಗೌಡನನ್ನೂ ಶಾನುಭೋಗನನ್ನೂ ಲೇವಾದೇವಿಯವನನ್ನೂ ಹೆಸರು ಹಿಡಿದೋ ಹಿಡಿಯದೆಯೋ ಕೆಣಕುವ ಸ್ವಾತಂತ್ರ್ಯವು ಅವನಿಗೊಬ್ಬನಿಗೆ ಇದ್ದಿತು. ಹಾಸ್ಯರಸವು ವಿಕೃತವಾದ ವೇಷ, ಆಕಾರ, ಮಾತುಗಳಿಂದ ಹುಟ್ಟುವುದೆಂದು ಭರತನು ಹೇಳಿದುದಕ್ಕೆ ಇವನಿಗಿಂತ ಒಳ್ಳೆಯ ಉದಾಹರಣೆಯು ಬೇಕಿಲ್ಲ.

ಶಿರಾ, ಪಾವಗಡ, ಮಧುಗಿರಿಯ ಕಡೆಯವರಿಗೆ ಮಳೆಯೆಂದರೆ ಏನೆಂಬುದನ್ನು ನಾವು ಬಣ್ಣಿಸಬೇಕಾಗಿಲ್ಲ. ಮಳೆ ಬಾರದ ವರುಷ ಬೊಂಬೆಯಾಟ ಆಡಿಸಿದರೆ ಮಳೆಯಾಗುವುದೆಂಬ ನಂಬಿಕೆಯು ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ಇದ್ದಿತು; ದನಕರುಗಳಿಗೆ ರೋಗ ಬಂದಾಗಲೂ ಆಟವನ್ನು ಹೇಳಿಸುತ್ತಿದ್ದರು. ಆದುದರಿಂದ ಕಿಳ್ಳೇಕ್ಯಾತನು ಬರಿಯ ವಿದೂಷಕನಲ್ಲ. ಬರಗಾಲದ ರಾತ್ರಿ, ಬಿರುಕುಬಿಟ್ಟ ಕೆರೆಯಂಗಳದ ಬಳಿ, ನಾಳೆಯ ಹಿಟ್ಟಿಗೆ ಚಿಂತೆಯುಳ್ಳ ಜನರನ್ನು ನಗಿಸುವ ಹೊಣೆಯು ಆ ಕರಿಯ ಮುಖದ ಮೇಲೆ ಇದ್ದಿತು. ಬೆರ್ಚಪ್ಪನು ಪೈರನ್ನು ಕಾಯುವಂತೆ ಅವನು ಊರನ್ನು ಕಾಯುತ್ತಿದ್ದನು.

ಈಗ ಲಿಯೊನಾರ್ಡೊವಿನ ಒಂದು ಚಿತ್ರಕ್ಕೆ ಮರಳೋಣ. ವಿಂಡ್ಸರಿನಲ್ಲಿರುವ, ಸುಮಾರು ೧೪೯೩ರದೆಂದು ಎಣಿಸಿರುವ ಹಾಳೆಯೊಂದರಲ್ಲಿ ಐದು ತಲೆಗಳಿವೆ. ನಡುವೆ ಓಕ್ ಮರದ ಎಲೆಗಳ ಕಿರೀಟವನ್ನು ಧರಿಸಿದ ಮುದುಕನೊಬ್ಬನು ಪಕ್ಕದಿಂದ ಕಾಣುತ್ತಾನೆ. ಸುತ್ತಲೂ ನಾಲ್ವರು, ಒಬ್ಬನು ಬಾಯಿ ತೆರೆದು ನಗುತ್ತಾನೆ. ಬಹುಕಾಲ ಇದರ ಅರ್ಥವು ಯಾರಿಗೂ ಹೊಳೆಯಲಿಲ್ಲ. ವಿಂಡ್ಸರ್ ಸಂಗ್ರಹದ ವಿದ್ವಾಂಸರಾದ ಮಾರ್ಟಿನ್ ಕ್ಲೇಟನ್ನರು ಇದನ್ನು ಹೀಗೆ ವಿವರಿಸಿದ್ದಾರೆ: ಸುತ್ತಲಿರುವವರು ಜಿಪ್ಸಿಗಳು, ಒಬ್ಬಳು ಮುದುಕನ ಕೈಹಿಡಿದು ಹಸ್ತರೇಖೆಯನ್ನು ನೋಡುತ್ತಿರಲು ಇನ್ನೊಬ್ಬಳು ಅವನ ಹಣದ ಚೀಲಕ್ಕೆ ಕೈಹಾಕಿದ್ದಾಳೆ. ಲಿಯೊನಾರ್ಡೊ ಆಗ ಇದ್ದುದು ಮಿಲಾನಿನಲ್ಲಿ. ಜಿಪ್ಸಿಗಳನ್ನು ಮಿಲಾನಿನಿಂದ ಹೊರಹಾಕಿದುದು ಅದೇ ೧೪೯೩ರಲ್ಲಿ. ಈ ಜಿಪ್ಸಿಗಳು ಯಾರು? ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಪಂಡಿತರು ಅವರ ಭಾಷೆಯನ್ನು ಪರೀಕ್ಷಿಸಿ, ಅದು ಹಿಂದೂಸ್ಥಾನದ ಭಾಷೆಗಳ ಬಂಧುವೆಂದು ತೋರಿಸಿದರು. ಎಂದರೆ ಆ ಹಾಳೆಯ ಮೇಲೆ ಹಲ್ಲುಕಿರಿಯುತ್ತಿರುವವರು, ಶತಮಾನಗಳ ಹಿಂದೆ ನಮ್ಮ ದೇಶದಿಂದ ಹೊರಟು ಊರೂರು ಅಲೆಯುತ್ತ ಹೋದ ಜನರ ಸಂತತಿ. ಅಲೆಮಾರಿಯ ಮುಖವು ಊರಿನಲ್ಲಿ ನೆಲೆನಿಂತವನ ಕಣ್ಣಿಗೆ ಮೊದಲು ವಿಚಿತ್ರವಾಗಿಯೂ, ಆಮೇಲೆ ವಿಕಾರವಾಗಿಯೂ, ಕೊನೆಗೆ ಕಳ್ಳನ ಮುಖವಾಗಿಯೂ ತೋರುವುದು ಹೇಗೆಂಬುದು ಆ ಒಂದು ಹಾಳೆಯಲ್ಲಿ ಅಡಕವಾಗಿದೆ.

ಇದಕ್ಕೆ ಲಿಯೊನಾರ್ಡೊನನ್ನು ದೂರುವುದು ನ್ಯಾಯವಲ್ಲ. ಅವನು ಕಂಡವನು, ಬರೆದವನು. ಆದರೆ ಅವನು ತೊಡಗಿದ ಎಣಿಕೆಯು ಅವನ ತರುವಾಯ ಬೇರೊಂದು ದಾರಿಯನ್ನು ಹಿಡಿಯಿತು. ೧೫೮೬ರಲ್ಲಿ ನೇಪಲ್ಸಿನ ಡೆಲ್ಲ ಪೋರ್ಟನು ಮನುಷ್ಯರ ಮುಖಗಳನ್ನು ಮೃಗಗಳ ಮುಖಗಳೊಡನೆ ಇಟ್ಟು, ಮುಖದಿಂದ ಗುಣವನ್ನು ತಿಳಿಯುವ ಶಾಸ್ತ್ರವನ್ನು ಬರೆದನು. ೧೮೭೬ರಲ್ಲಿ ಇಟಲಿಯವನೇ ಆದ ಲೊಂಬ್ರೋಸೋ ಎಂಬ ವೈದ್ಯನು ಹುಟ್ಟು ಅಪರಾಧಿಯನ್ನು ತಲೆಬುರುಡೆ ಮುಖಗಳ ಲಕ್ಷಣದಿಂದ ಗುರುತಿಸಬಹುದೆಂದು ಸಾರಿದನು. ಆ ವೇಳೆಗೆ ನಮ್ಮ ದೇಶದಲ್ಲಿ ಆಂಗ್ಲ ಸರ್ಕಾರವು ೧೮೭೧ರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿ, ಹಲವು ಅಲೆಮಾರಿ ಜನಾಂಗಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಮಾಡುವ ದಾರಿಯನ್ನು ತೆರೆದಿದ್ದಿತು. ೧೯೦೧ರ ಜನಗಣತಿಯ ಮುಖ್ಯಾಧಿಕಾರಿಯಾಗಿದ್ದ ರಿಸ್ಲಿಯು ಮೂಗಿನ ಅಗಲವನ್ನೂ ಉದ್ದವನ್ನೂ ಅಳೆದು, ಮೂಗು ಅಗಲವಾದಷ್ಟೂ ಜಾತಿಯ ಅಂತಸ್ತು ಕಡಮೆಯೆಂಬ ಸಿದ್ಧಾಂತವನ್ನು ಕಟ್ಟಿದನು. ಮದರಾಸಿನ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಥರ್ಸ್ಟನ್ನನು ಅಳತೆಯ ಉಪಕರಣಗಳನ್ನು ಹೊತ್ತುಕೊಂಡು ದಕ್ಷಿಣದೇಶವನ್ನೆಲ್ಲ ಸುತ್ತಿ, ೧೯೦೯ರಲ್ಲಿ ಏಳು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದನು. ಆ ಗ್ರಂಥದಲ್ಲಿ ನಮ್ಮ ಕಿಳ್ಳೇಕ್ಯಾತರೂ ಇದ್ದಾರೆ. ಲಿಯೊನಾರ್ಡೊವಿನ ಹತ್ತು ಮೂಗುಗಳು ನೆನಪಿಗೆ ಸಹಾಯವಾಗಿದ್ದುವು. ರಿಸ್ಲಿಯ ಮೂಗಿನ ಲೆಕ್ಕವು ಮನುಷ್ಯರ ಬೆಲೆಯನ್ನು ಕಟ್ಟುವ ತಕ್ಕಡಿಯಾಯಿತು. ಆ ಸಿದ್ಧಾಂತವನ್ನು ಈಗ ವಿಜ್ಞಾನವು ತಳ್ಳಿಹಾಕಿದೆ. ಅಪರಾಧಿ ಬುಡಕಟ್ಟುಗಳ ಕಾಯಿದೆಯು ೧೯೫೨ರಲ್ಲಿ ರದ್ದಾಯಿತು. ಆದರೆ ಮುಖವನ್ನು ನೋಡಿ ಮನುಷ್ಯನನ್ನು ತೂಗುವ ಅಭ್ಯಾಸವು ನಮ್ಮೆಲ್ಲರ ಕಣ್ಣಿನಲ್ಲಿಯೂ ಉಳಿದಿದೆಯೆಂಬುದನ್ನು ಒಪ್ಪಿಕೊಳ್ಳಬೇಕು.

ಇನ್ನು ಕಿಳ್ಳೇಕ್ಯಾತನ ವಿಚಾರದಲ್ಲಿ ನಾವೇ ಮಾಡಿರುವ ತಪ್ಪೊಂದುಂಟು. ಬೊಂಬೆಯ ಹೆಸರನ್ನು ಜನರಿಗೆ ಇಟ್ಟೆವು. ರಾಮನನ್ನೂ ಸೀತೆಯನ್ನೂ ಹನುಮಂತನನ್ನೂ ಅದೇ ಕೈಗಳೇ ಕೊರೆದುವು, ಅದೇ ಕಂಠಗಳೇ ನುಡಿಯಿಸಿದುವು. ಆದರೂ ನಾವು ಅವರನ್ನು ರಾಮನ ಜನವೆಂದು ಕರೆಯಲಿಲ್ಲ. ವಿಕಾರವಾದ ಬೊಂಬೆಯನ್ನೇ ಆರಿಸಿಕೊಂಡು ಅದರ ಹೆಸರಿನಿಂದಲೇ ಕರೆದೆವು. ಆಮೇಲೆ ಪೇಟೆಗಳಲ್ಲಿ ಆ ಹೆಸರನ್ನೇ ಬೈಗುಳವಾಗಿಯೂ ಬಳಸಿದೆವು. ಪರದೆಯ ಮೇಲೆ ಕಿಳ್ಳೇಕ್ಯಾತನು ನಮ್ಮನ್ನು ನೋಡಿ ನಕ್ಕನು. ಆಟ ಮುಗಿದು ಬೆಳಗಾದಮೇಲೆ ನಾವು ಅವನನ್ನು ಆಡಿಸಿದವನನ್ನು ನೋಡಿ ನಕ್ಕೆವು. ಲೊಮಾಜೊ ಹೇಳಿದ ಊಟದ ಮನೆಯ ಎರಡು ನಗೆಗಳು ಇಲ್ಲಿಯೂ ಇವೆ.

ಎರಡು ನಗೆಗಳಿಗೂ ಇರುವ ಭೇದವೇನು? ನಮಗೆ ತೋರುವ ಮಟ್ಟಿಗೆ ಇದು: ಮೊದಲನೆಯ ನಗೆಯಲ್ಲಿ ವಿಕಾರಮುಖದವನಿಗೆ ಬಾಯಿ ಇದೆ, ಎರಡನೆಯದರಲ್ಲಿ ಇಲ್ಲ. ಕಿಳ್ಳೇಕ್ಯಾತನು ತನ್ನ ಹೊಟ್ಟೆಯನ್ನೂ ತುಟಿಯನ್ನೂ ತಾನೇ ಹಾಸ್ಯಮಾಡಿಕೊಂಡು, ಅದರ ಬಲದಿಂದ ಊರಗೌಡನನ್ನೂ ಹಾಸ್ಯಮಾಡುವನು. ಆ ಸಭೆಯಲ್ಲಿ ನಗದೆ ಉಳಿದವರು ಯಾರೂ ಇಲ್ಲ, ನಗೆಗೆ ಸಿಕ್ಕದೆ ಉಳಿದವರೂ ಯಾರೂ ಇಲ್ಲ. ಡಚೆಸ್ಸಿಗೆ ಆ ಅನುಕೂಲವಿಲ್ಲ. ಐದು ಶತಮಾನಗಳಿಂದ ಅವಳು ಬಾಯಿ ಬಿಗಿದುಕೊಂಡು ಕುಳಿತಿದ್ದಾಳೆ. ಅಳತೆಯ ಉಪಕರಣಗಳ ಕೆಳಗೆ ಮುಖವೊಡ್ಡಿ ನಿಂತವರಿಗಂತೂ ಯಾರೂ ಮಾತನ್ನೇ ಕೇಳಲಿಲ್ಲ.

ಹೀಗೆಂದು ಎಲ್ಲವನ್ನೂ ಕಪ್ಪಾಗಿ ಬರೆಯಬೇಕಾಗಿಲ್ಲ. ಶಿಳ್ಳೇಕ್ಯಾತರ ಹೆಸರು ಇಂದು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದು, ಅವರ ಮಕ್ಕಳಿಗೆ ವಿದ್ಯೆಯ ಬಾಗಿಲು ಸ್ವಲ್ಪಮಟ್ಟಿಗೆ ತೆರೆದಿದೆ. ಎಂ. ಎಸ್. ನಂಜುಂಡರಾಯರ ಶ್ರಮದಿಂದ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಹಳೆಯ ತೊಗಲುಬೊಂಬೆಗಳ ದೊಡ್ಡ ಸಂಗ್ರಹವು ಕೂಡಿದೆ. ೨೦೨೩ರಲ್ಲಿ ತೀರಿಕೊಂಡ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ತೊಗಲಿನ ಮೇಲೆ ತಂದು ತೋರಿಸಿದರು. ೨೦೨೫ರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಎಂಬ ತೊಂಬತ್ತು ದಾಟಿದ ಮುದುಕಿಗೆ ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟಿತು. ಬೈಗುಳವಾಗಿದ್ದ ಹೆಸರನ್ನು ರಾಷ್ಟ್ರಪತಿಯ ಭವನದಲ್ಲಿ ಗೌರವದಿಂದ ಕೂಗಿ ಕರೆದುದು ಸಾಮಾನ್ಯವಾದ ಸಂಗತಿಯಲ್ಲ. ಹೆಸರು ಬದಲಾಗಲಿಲ್ಲ, ಅದನ್ನು ನುಡಿದ ಧ್ವನಿಯು ಬದಲಾಯಿತು.

ಆದರೂ ಒಂದು ಮಾತನ್ನು ಹೇಳದೆ ಇರಲಾರೆವು. ಸಂಗ್ರಹಾಲಯದ ಗಾಜಿನ ಹಿಂದೆ ಇಟ್ಟ ಕಿಳ್ಳೇಕ್ಯಾತನು ವಿಂಡ್ಸರಿನ ಹಾಳೆಯ ಮುಖದಂತೆಯೇ ಮೂಕನು. ಹಳೆಯ ಬೊಂಬೆಯು ಆಡಲಾಗದಷ್ಟು ಸವೆದರೆ ಅದನ್ನು ಬೀದಿಗೆ ಎಸೆಯದೆ ಹೊಳೆಯ ನೀರಿನಲ್ಲಿ ಬಿಡುವುದು ಆಟದವರ ಸಂಪ್ರದಾಯ. ದೇವರಿಗೂ ವಿದೂಷಕನಿಗೂ ಅಲ್ಲಿ ಭೇದವಿಲ್ಲ. ಮನುಷ್ಯರಿಗೆ ಸಲ್ಲಬೇಕಾದ ಗೌರವವನ್ನು ಅವರು ತೊಗಲಿಗೂ ಸಲ್ಲಿಸಿದರು. ಅವರಿಗೆ ಸಲ್ಲಬೇಕಾದುದನ್ನು ನಾವು ಸಲ್ಲಿಸುವ ಬಗೆಯೆಂದರೆ ದೀಪ ಹಚ್ಚಿ, ಪರದೆ ಕಟ್ಟಿ, ಎದುರಿಗೆ ಕುಳಿತು, ಆ ಮುಖಕ್ಕೆ ಮತ್ತೆ ಬಾಯಿ ಕೊಡುವುದು.

ಗೌಡಗೆರೆಯ ಹೊಲದ ಬೆರ್ಚಪ್ಪನನ್ನು ನಾವು ಮರೆತಿಲ್ಲ. ಅವನ ಕೆಲಸವು ಹಕ್ಕಿಗಳನ್ನು ಬೆದರಿಸುವುದು. ಹಕ್ಕಿಗಳೇನೋ ಎರಡು ದಿನ ಬೆದರಿ, ಮೂರನೆಯ ದಿನ ಅವನ ತಲೆಯ ಮೇಲೆಯೇ ಬಂದು ಕೂರುತ್ತವೆ. ಅದು ಬರಿಯ ಮಡಕೆಯೆಂದು ಅವಕ್ಕೆ ಗೊತ್ತಾಗುವುದು. ವಿಕಾರವೆಂದು ನಾವು ಮೊದಲ ನೋಟಕ್ಕೆ ದೂರವಿಟ್ಟ ಮುಖಗಳ ಹತ್ತಿರಕ್ಕೆ ಹೋಗುವುದಕ್ಕೆ ನಮಗೆ ಐದು ನೂರು ವರುಷಗಳು ಸಾಲದೆ ಹೋದುವು. ಹಕ್ಕಿಗಳಿಗೆ ಮೂರು ದಿನ ಸಾಕಾಯಿತು.